ಹೊಂಗೆ ಬಯೋಡೀಸೆಲ್ ಕಮಟು ಹಿಡಿಯದಂತೆ ಇಡುವುದು ಹೇಗೆ?

ಹೊಂಗೆ ಬೀಜದಿಂದ ಬಯೋಡೀಸೆಲ್ ಮಾಡೋದು ಹೇಗೆ ಅಂತ ಹೇಳುವ ವಿಡಿಯೋಗಳು ನಿಮ್ಮ ಮೊಬೈಲಲ್ಲಿ ಬೇಕಾದಷ್ಟು ಸಿಗುತ್ತವೆ. ಮಾಡಿದ್ದನ್ನು ಕೆಡದಂತೆ ಇಟ್ಟುಕೊಳ್ಳೋದು ಹೇಗೆ ಅಂತ ಹೇಳುವವರು ಕಮ್ಮಿ. ಇದು ಗೊತ್ತಿಲ್ಲದೆ ನಾನು ಒಂದು ವರ್ಷದ ರಾಗಿಯಲ್ಲಿ ಅರ್ಧ ಕಳೆದುಕೊಂಡೆ. ಹಾಗಾಗಿ ಈ ವಾರ ಅದೇ ವಿಷಯ.

ನಮ್ಮೂರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇರೋದು ನಮ್ಮ ಜಿಲ್ಲೆಯ ಮಡೆನೂರಲ್ಲೇ. ಹಾಗಾಗಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಅನ್ನೋ ಹೆಸರೆಲ್ಲ ನಾವು ಹುಡುಗರಾಗಿದ್ದಾಗಿಂದ ಕೇಳಿದವು. ಬದುಗಳಲ್ಲಿ ಹೊಂಗೆ ಮರ ಮೊದಲಿಂದಲೂ ಇದ್ದವು. ನಮ್ಮ ಭಾಗದ ಒಂದು ಸಣ್ಣ ಘಟಕದಲ್ಲಿ ಬೀಜ ಕೊಟ್ಟರೆ ಬಯೋಡೀಸೆಲ್ ಮತ್ತು ಹಿಂಡಿ ವಾಪಸ್ ಕೊಡ್ತಿದ್ರು. ಹಿಂಡಿ ತೋಟಕ್ಕೆ, ಇಂಧನ ಎಂಜಿನ್‌ಗೆ. ಲೆಕ್ಕ ಚೆನ್ನಾಗೇ ಇತ್ತು.

ಒಕ್ಕಣೆ ದಿನ ನಡೆದದ್ದು

ಆ ವರ್ಷ ಏಪ್ರಿಲಲ್ಲಿ ನಾನು 200 ಲೀಟರ್ ಬಯೋಡೀಸೆಲ್ ತಂದು ಕಬ್ಬಿಣದ ಡ್ರಮ್ಮಿಗೆ ತುಂಬಿಸಿದೆ. ಡ್ರಮ್ ಇಟ್ಟದ್ದು ದನದ ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಲ್ಲಿ. ಸುರಿಯೋಕೆ ಸುಲಭ ಆಗ್ಲಿ ಅಂತ ಕೆಳಗಡೆ ಒಂದು ಹಿತ್ತಾಳೆ ನಲ್ಲಿ ಹಾಕಿಸಿದೆ. ಜೂನ್, ಜುಲೈನಲ್ಲಿ ಸುಮಾರು 60 ಲೀಟರ್ ಬಳಸಿದೆ, ಎಂಜಿನ್ ಚೆನ್ನಾಗೇ ಓಡಿತು. ಉಳಿದ 140 ಲೀಟರನ್ನು ರಾಗಿ ಒಕ್ಕಣೆಗೆ ಆಗುತ್ತೆ ಅಂತ ಬಿಟ್ಟೆ. ಡ್ರಮ್ಮಿನ ಮೇಲಿನ ಮುಚ್ಚಳ ಬಿಗಿ ಮಾಡಿರಲಿಲ್ಲ, ಒಂದು ಬಟ್ಟೆ ಕಟ್ಟಿ ಬಿಟ್ಟಿದ್ದೆ.

ಡಿಸೆಂಬರ್‌ನಲ್ಲಿ ಮೆದೆ ಕಿತ್ತು ಕಣಕ್ಕೆ ಹಾಕಿದ್ವಿ. ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎದ್ದಿದೆ ಅಂತ ಮೊಬೈಲಲ್ಲಿ ಸುದ್ದಿ. ಮಳೆ ಬರೋದ್ರೊಳಗೆ ಮುಗಿಸೋಣ ಅಂತ ಬೆಳಿಗ್ಗೆ ಆರಕ್ಕೇ ಎಂಜಿನ್ ಶುರು ಮಾಡಿದ್ವಿ. ಒಂದು ಗಂಟೆ ಓಡಿತು, ಆಮೇಲೆ ಕೆಮ್ಮೋಕೆ ಶುರು. ಕಪ್ಪು ಹೊಗೆ ಬಂತು, ನಿಂತೇ ಹೋಯಿತು. ಫಿಲ್ಟರ್ ಬಿಚ್ಚಿ ನೋಡಿದರೆ ಬೆಲ್ಲದ ಪಾಕದ ಥರ ಕಂದು ಬಣ್ಣದ ಅಂಟು. ಇನ್ನೊಂದು ಫಿಲ್ಟರ್ ಹಾಕಿದೆ, ಅರ್ಧ ಗಂಟೆಗೆ ಅದೂ ಕಟ್ಟಿಕೊಂಡಿತು. ಮೆಕ್ಯಾನಿಕ್ ಬಂದು ನಾಜಲ್ ತೆಗೆದಾಗ ಅದರ ಸೂಜಿಯೇ ಅಂಟಿ ಕೂತಿತ್ತು. ಸಾಯಂಕಾಲದ ಹೊತ್ತಿಗೆ ಮಳೆ ಶುರುವಾಯಿತು. ಮೆದೆಯಲ್ಲಿ ಅರ್ಧಕ್ಕೆ ಮಾತ್ರ ಟಾರ್ಪಾಲ್ ಸಾಕಾಯಿತು. ಉಳಿದದ್ದು ಮೂರು ದಿನ ನೆನೆದು ತೆನೆಯಲ್ಲೇ ಮೊಳಕೆ ಒಡೆಯಿತು.

ಅಪ್ಪ ಬೈಯಲಿಲ್ಲ. "ಹೊಂಗೆ ಎಣ್ಣೆ ದೀಪಕ್ಕಿಟ್ಟಿದ್ದು ಕಣಪ್ಪ" ಅಂತ ಒಂದು ಮಾತು ಹೇಳಿ ಎದ್ದು ಹೋದರು. ಬೈದಿದ್ರೇ ಚೆನ್ನಾಗಿತ್ತು. ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ಸುಗ್ಗಿಯಲ್ಲಿ ನಮ್ಮ ಬೀದಿಯಿಂದ ಘಟಕಕ್ಕೆ ಬೀಜ ಕೊಟ್ಟವರು ಮೂರೇ ಮನೆಯವರು.

ಘಟಕದವರು ಮಾಡಿಕೊಟ್ಟ ಇಂಧನ ಸರಿಯಾಗೇ ಇತ್ತು. ಜೂನಲ್ಲಿ ಓಡಿದ್ದೇ ಅದಕ್ಕೆ ಸಾಕ್ಷಿ. ಕೆಡಿಸಿದ್ದು ನಾನು.

ಬಯೋಡೀಸೆಲ್ ಯಾಕೆ ಕೆಡುತ್ತೆ?

ಬಂಕಿನ ಡೀಸೆಲ್ ಭೂಮಿಯೊಳಗಿನ ಕಚ್ಚಾ ತೈಲದಿಂದ ಬಂದದ್ದು. ಬಯೋಡೀಸೆಲ್ ಗಿಡದ ಎಣ್ಣೆಯಿಂದ ಬಂದದ್ದು. ಕಡಲೆಕಾಯಿ ಎಣ್ಣೆ ಬಹಳ ದಿನ ತೆರೆದಿಟ್ಟರೆ ಕಮಟು ವಾಸನೆ ಬರೋದು ನಿಮಗೆ ಗೊತ್ತು. ಅದೇ ಕಮಟು ಬಯೋಡೀಸೆಲ್‌ಗೂ ಹಿಡಿಯುತ್ತೆ. ಮನೆ ಎಣ್ಣೆಯಾದರೆ ರುಚಿ ಕೆಡುತ್ತೆ, ಇಂಧನವಾದರೆ ಎಂಜಿನ್ ಕೆಡುತ್ತೆ.

ಎಣ್ಣೆಯಲ್ಲಿ ಕೊಬ್ಬಿನ ಆಮ್ಲಗಳು ಉದ್ದ ಸರಪಳಿಯ ಹಾಗೆ ಇರುತ್ತವೆ. ಆ ಸರಪಳಿಯಲ್ಲಿ ಕೆಲವು ಕಡೆ ಜೋಡಿ ಬಂಧ ಇರುತ್ತೆ. ಗಾಳಿಯ ಆಮ್ಲಜನಕ ಮೊದಲು ಹಿಡಿಯೋದು ಆ ಜೋಡಿ ಬಂಧದ ಪಕ್ಕದ ಜಾಗವನ್ನು. ಒಂದು ಜೋಡಿ ಬಂಧದ ಒಲೀಕ್ ಆಮ್ಲ ಕೆಡುವ ವೇಗ 1 ಅಂತ ಇಟ್ಟುಕೊಂಡರೆ, ಎರಡು ಇರುವ ಲಿನೋಲಿಕ್‌ನದ್ದು ಸುಮಾರು 40 ಪಟ್ಟು, ಮೂರು ಇರುವ ಲಿನೋಲೆನಿಕ್‌ನದ್ದು ಸುಮಾರು 100 ಪಟ್ಟು. ಹೊಂಗೆ ಎಣ್ಣೆಯಲ್ಲಿ ಸುಮಾರು ಅರ್ಧ ಒಲೀಕ್, ಶೇ. 15ರಿಂದ 20ರ ಆಸುಪಾಸು ಲಿನೋಲಿಕ್. ಸೋಯಾ, ಸೂರ್ಯಕಾಂತಿಗಿಂತ ಇದು ಪರವಾಗಿಲ್ಲ. ಹಾಗಂತ ತನ್ನಷ್ಟಕ್ಕೆ ವರ್ಷಗಟ್ಟಲೆ ನಿಲ್ಲುವ ಎಣ್ಣೆ ಅಲ್ಲ.

ಕೆಡುವ ಕ್ರಿಯೆ ಹುಲ್ಲಿನ ಬಣವೆಗೆ ಕಿಡಿ ಬಿದ್ದ ಹಾಗೆ. ಒಂದು ಕಣ ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತೆ, ಅದು ಅದರ ಪಕ್ಕದ್ದನ್ನು. ಮೊದಲು ಪೆರಾಕ್ಸೈಡ್ ಅನ್ನೋ ವಸ್ತು ಆಗುತ್ತೆ. ಅದು ಒಡೆದು ಕಮಟು ವಾಸನೆಯ ಆಲ್ಡಿಹೈಡ್, ಆಮೇಲೆ ಆಮ್ಲ ಆಗುತ್ತೆ. ಜೊತೆಗೆ ಕೆಲವು ಕಣಗಳು ಒಂದಕ್ಕೊಂದು ಅಂಟಿಕೊಂಡು ಗೋಂದಿನಂತೆ ಆಗುತ್ತವೆ. ನನ್ನ ಫಿಲ್ಟರ್‌ನಲ್ಲಿ ಕಂಡ ಬೆಲ್ಲದ ಪಾಕ ಅದೇ.

ಈ ಬೆಂಕಿಗೆ ಎಣ್ಣೆ ಸುರಿಯುವವರು ಐದು ಜನ: ಗಾಳಿ, ಬಿಸಿ, ಬೆಳಕು, ನೀರು, ಮತ್ತು ತಾಮ್ರ. ಬಿಸಿ 10 ಡಿಗ್ರಿ ಹೆಚ್ಚಾದರೆ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತೆ. ತಾಮ್ರ ಮತ್ತು ತಾಮ್ರ ಬೆರೆತ ಹಿತ್ತಾಳೆ, ಕಂಚು ಎಲ್ಲಕ್ಕಿಂತ ಕೆಟ್ಟವು. ಈಗ ನನ್ನ ಡ್ರಮ್ಮನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮೂರನೇ ಒಂದು ಭಾಗದಷ್ಟು ಖಾಲಿ, ಬಟ್ಟೆ ಮುಚ್ಚಳ, ತಗಡಿನ ಶೆಡ್ಡು, ಮಳೆಗಾಲದ ತೇವ, ಹಿತ್ತಾಳೆ ನಲ್ಲಿ. ಬೆಳಕೊಂದನ್ನು ಬಿಟ್ಟರೆ ಉಳಿದ ಒಂದನ್ನೂ ಬಿಟ್ಟಿರಲಿಲ್ಲ ನಾನು.

ಕೆಟ್ಟ ಮೇಲೆ ಔಷಧಿ ಹಾಕಿದೆ

ಆಗ ನನಗೆ ಹೊಳೆದದ್ದು, ಇದಕ್ಕೆ ಏನಾದರೂ ಬೆರೆಸಿ ಸರಿ ಮಾಡಬಹುದಾ ಅಂತ. ನಮ್ಮೂರಿನ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನ ಕೇಳಿದೆ. ಅವರು ಆಂಟಿಆಕ್ಸಿಡೆಂಟ್ ಅನ್ನೋ ಸೇರ್ಪಡೆಗಳ ಬಗ್ಗೆ ಹೇಳಿದರು. ಪೂರ್ತಿ ಕೇಳಿಸಿಕೊಳ್ಳದೆ ನಾನು ಪೇಟೆಗೆ ಹೋಗಿ ಪ್ರೊಪೈಲ್ ಗ್ಯಾಲೇಟ್ ಅನ್ನೋ ಬಿಳಿ ಪುಡಿ ತಂದು, ಉಳಿದಿದ್ದ ಹಳೇ ಇಂಧನಕ್ಕೆ ಬೆರೆಸಿ ಹದಿನೈದು ದಿನ ಕಾದೆ. ಏನೂ ಆಗಲಿಲ್ಲ. ಅದೇ ಕಮಟು, ಅದೇ ಅಂಟು.

ಅಮ್ಮನ ಹತ್ರ ಇದನ್ನ ಹೇಳಿದಾಗ ಅವರು ನಕ್ಕರು. "ಬೂಸಲು ಬಂದ ಮೇಲೆ ಉಪ್ಪು ಹಾಕಿದ್ರೆ ಉಪ್ಪಿನಕಾಯಿ ಆಗ್ತದೇನೋ? ಹಾಕೋ ದಿನವೇ ಹಾಕ್ಬೇಕಿತ್ತು."

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ. ಆಂಟಿಆಕ್ಸಿಡೆಂಟ್ ಬಣವೆಯ ಪಕ್ಕ ನೀರಿನ ಬಿಂದಿಗೆ ಹಿಡಿದು ಕಾಯುವ ಆಳಿನ ಥರ. ಕಿಡಿ ಬಿದ್ದ ಕೂಡಲೇ ಆರಿಸುತ್ತೆ. ಪ್ರತಿ ಕಿಡಿಗೂ ಸ್ವಲ್ಪ ನೀರು ಖರ್ಚಾಗುತ್ತೆ. ಬಿಂದಿಗೆ ಖಾಲಿಯಾದ ಮೇಲೆ ಬಣವೆ ಉರಿಯೋದೇ. ಈಗಾಗಲೇ ಬೂದಿಯಾದ ಬಣವೆಗೆ ನೀರು ಹಾಕಿದರೆ ಹುಲ್ಲು ವಾಪಸ್ ಬರಲ್ಲ.

ತುಪ್ಪಕ್ಕೆ ವೀಳ್ಯದೆಲೆ ಹಾಕೋದು ಯಾಕೆ?

ನಮ್ಮ ಮನೆಗಳಲ್ಲಿ ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆ ಹಾಕ್ತಾರೆ. ಕೆಲವು ಮನೆಯಲ್ಲಿ ನುಗ್ಗೆಸೊಪ್ಪು, ಕೆಲವು ಕಡೆ ನಾಲ್ಕು ಕಾಳು ಮೆಂತ್ಯ. ಘಮ್ ಅನ್ನುತ್ತೆ, ಬೇಗ ಕಮಟಲ್ಲ ಅಂತಾರೆ. ಇದು ಬರೀ ನಂಬಿಕೆಯಲ್ಲ. ಈ ಎಲೆಗಳಲ್ಲಿ ಫೀನಾಲ್ ಗುಂಪಿನ ವಸ್ತುಗಳಿವೆ. ಕಿಡಿಯನ್ನು ಆರಿಸುವ ಗುಣ ಇರೋದು ಅವಕ್ಕೇ. ಗಿಡಗಳು ತಮ್ಮ ಬೀಜದ ಎಣ್ಣೆ, ಎಲೆ, ತೊಗಟೆ ಕೆಡದಂತೆ ಕಾಯೋಕೆ ತಾವೇ ಮಾಡಿಕೊಂಡ ವ್ಯವಸ್ಥೆ ಅದು.

ಬಯೋಡೀಸೆಲ್‌ಗೆ ಪ್ರಯೋಗಿಸಿ ನೋಡಿರುವ ಗಿಡಮೂಲದ ಸೇರ್ಪಡೆಗಳಲ್ಲಿ ಮುಖ್ಯವಾದವು ಇವು:

ಟೋಕೋಫೆರಾಲ್: ಇದು ವಿಟಮಿನ್ ಇ. ಗಿಡದ ಎಣ್ಣೆಗಳಲ್ಲಿ ತಾನಾಗೇ ಇರುತ್ತೆ, ಸೋಯಾ ಎಣ್ಣೆ ಶುದ್ಧೀಕರಿಸುವಾಗ ಸಿಗುವ ಉಪ ಉತ್ಪನ್ನದಿಂದ ತೆಗೆಯುತ್ತಾರೆ. ಬಯೋಡೀಸೆಲ್‌ನಲ್ಲಿ ಚೆನ್ನಾಗಿ ಕರಗುತ್ತೆ, ಆದರೆ ಶಕ್ತಿ ಸ್ವಲ್ಪ ಕಮ್ಮಿ.

ಗ್ಯಾಲಿಕ್ ಆಮ್ಲದ ಕುಟುಂಬ: ಅಳಲೆಕಾಯಿ, ನೆಲ್ಲಿಕಾಯಿ, ಮಾಚಿಕಾಯಿಯ ಒಗರಿನಲ್ಲಿ ಇರುವ ಟ್ಯಾನಿನ್‌ನಿಂದ ಗ್ಯಾಲಿಕ್ ಆಮ್ಲ ತೆಗೆಯಬಹುದು. ಅದು ಎಣ್ಣೆಯಲ್ಲಿ ಸರಿಯಾಗಿ ಕರಗಲ್ಲ. ಅದಕ್ಕೇ ಅದನ್ನು ಸ್ವಲ್ಪ ಬದಲಿಸಿ ಪ್ರೊಪೈಲ್ ಗ್ಯಾಲೇಟ್ ಮಾಡುತ್ತಾರೆ. ತಿನ್ನುವ ಎಣ್ಣೆಗಳಲ್ಲೂ ಇ310 ಅನ್ನೋ ಸಂಖ್ಯೆಯಲ್ಲಿ ಇದನ್ನ ಬಳಸ್ತಾರೆ. ಬಯೋಡೀಸೆಲ್‌ನಲ್ಲಿ ಇದರ ಕೆಲಸ ಟೋಕೋಫೆರಾಲ್‌ಗಿಂತ ಜೋರು.

ಕಾರ್ಡನಾಲ್: ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಬರುವುದು. ದಕ್ಷಿಣ ಕನ್ನಡ, ಉಡುಪಿ ಕಡೆಯ ಗೋಡಂಬಿ ಕಾರ್ಖಾನೆಗಳಲ್ಲಿ ಈ ಸಿಪ್ಪೆ ರಾಶಿಗಟ್ಟಲೆ. ಕಾರ್ಡನಾಲ್‌ಗೆ ಎಣ್ಣೆಯಂಥ ಉದ್ದ ಬಾಲ ಇರೋದ್ರಿಂದ ಬಯೋಡೀಸೆಲ್‌ನಲ್ಲಿ ಸಲೀಸಾಗಿ ಬೆರೆಯುತ್ತೆ. ಆದರೆ ಸಿಪ್ಪೆಯ ಹಸಿ ಎಣ್ಣೆಯನ್ನು ಹಾಗೇ ಹಾಕಲೇಬೇಡಿ. ಅದರಲ್ಲಿರುವ ಅನಾಕಾರ್ಡಿಕ್ ಆಮ್ಲ ಚರ್ಮ ಸುಡುತ್ತೆ, ಇಂಧನದ ಆಮ್ಲವನ್ನೂ ಏರಿಸುತ್ತೆ. ಶುದ್ಧೀಕರಿಸಿದ ಕಾರ್ಡನಾಲ್ ಮಾತ್ರ ಲೆಕ್ಕಕ್ಕೆ.

ಇವಲ್ಲದೆ ಅರಿಶಿನದ ಕರ್ಕ್ಯುಮಿನ್, ಲವಂಗದ ಯೂಜೆನಾಲ್, ರೋಸ್‌ಮೇರಿ, ಚಹಾ ಎಲೆ, ಶುಂಠಿ, ನುಗ್ಗೆ ಎಲೆಯ ಸಾರಗಳನ್ನೂ ಪರೀಕ್ಷಿಸಿದ್ದಾರೆ.

ನಾನು ಮಾಡಿದ ಬಾಟಲಿ ಪರೀಕ್ಷೆ

ಓದಿದ್ದನ್ನೆಲ್ಲ ನೇರ ಡ್ರಮ್ಮಿಗೆ ಹಾಕೋ ಧೈರ್ಯ ಇರಲಿಲ್ಲ. ಮುಂದಿನ ಏಪ್ರಿಲಲ್ಲಿ ಘಟಕದಿಂದ ಐದು ಲೀಟರ್ ತಾಜಾ ಬಯೋಡೀಸೆಲ್ ತಂದು ಎಂಟು ಗಾಜಿನ ಬಾಟಲಿ ಇಟ್ಟೆ. ಮೂರು ತಿಂಗಳು ಕಾದೆ. ಕೆಟ್ಟಿದೆಯಾ ಅಂತ ಅಳೆಯೋಕೆ ಮೇಷ್ಟ್ರು ಕಾಲೇಜಿನ ಲ್ಯಾಬಲ್ಲಿ ಆಮ್ಲ ಪರೀಕ್ಷೆ ಮಾಡಿಸಿದರು. ಅದು ಹೀಗೆ: 10 ಗ್ರಾಂ ಇಂಧನವನ್ನು ತಟಸ್ಥ ಮಾಡಿದ ಆಲ್ಕೋಹಾಲ್‌ನಲ್ಲಿ ಕರಗಿಸಿ, ಎರಡು ಹನಿ ಫಿನಾಫ್ತಲೀನ್ ಹಾಕಿ, ಗುಲಾಬಿ ಬಣ್ಣ ನಿಲ್ಲುವವರೆಗೆ 0.1 ನಾರ್ಮಲ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿ ಹನಿಯಾಗಿ ಬಿಡೋದು. ಖರ್ಚಾದ ಮಿ.ಲೀ. ಅನ್ನು 0.561ರಿಂದ ಗುಣಿಸಿದರೆ ಆಮ್ಲ ಸಂಖ್ಯೆ ಬರುತ್ತೆ. ಭಾರತದ ಐಎಸ್ 15607 ಮಾನದಂಡದ ಪ್ರಕಾರ ಬಯೋಡೀಸೆಲ್‌ನ ಆಮ್ಲ ಸಂಖ್ಯೆ 0.50 ದಾಟಬಾರದು. ಅಂದರೆ ಈ ಪರೀಕ್ಷೆಯಲ್ಲಿ ಸುಮಾರು 0.9 ಮಿ.ಲೀ. ನಮ್ಮ ಗಡಿ.

ಶುರುವಿನಲ್ಲಿ ಎಲ್ಲ ಬಾಟಲಿಯದ್ದೂ 0.5 ಮಿ.ಲೀ. ಮೂರು ತಿಂಗಳ ನಂತರ ಬಂದದ್ದು ಇದು:

1. ಕಂಠಮಟ್ಟ ತುಂಬಿ, ಬಿಗಿ ಮುಚ್ಚಿ, ಕತ್ತಲಲ್ಲಿ ಇಟ್ಟದ್ದು: 0.6
2. ಅರ್ಧ ತುಂಬಿ, ಬಟ್ಟೆ ಕಟ್ಟಿ, ಕತ್ತಲಲ್ಲಿ: 1.0
3. ಎರಡನೆಯದರಂತೆಯೇ, ಒಳಗೆ ಒಂದು ತುಂಡು ತಾಮ್ರದ ತಂತಿ: 2.1. ಹಸಿರು ಛಾಯೆ ಬಂದು ಮೂಗು ಮುಚ್ಚಿಕೊಳ್ಳುವಷ್ಟು ಕಮಟು
4. ಎರಡನೆಯದರಂತೆಯೇ, ಒಂದು ಚಿಟಿಕೆ ಅರಿಶಿನ ಪುಡಿ: 1.0. ಪುಡಿ ತಳದಲ್ಲಿ ಹಾಗೇ ಕೂತಿತ್ತು
5. ಎರಡನೆಯದರಂತೆಯೇ, ಒಣಗಿದ ವೀಳ್ಯದೆಲೆ ನೆನೆಸಿ ಸೋಸಿದ್ದು: 0.8
6. ಐದನೆಯದರಂತೆಯೇ, ಆದರೆ ಬಿಸಿಲು ಬೀಳುವ ಕಿಟಕಿಯಲ್ಲಿ: 1.4
7. ಅರ್ಧ ತುಂಬಿ, ಬಟ್ಟೆ ಕಟ್ಟಿ, ಏನೂ ಬೆರೆಸದೆ ಅದೇ ಕಿಟಕಿಯಲ್ಲಿ: 1.2
8. ಎರಡನೆಯದರಂತೆಯೇ, ಪ್ರೊಪೈಲ್ ಗ್ಯಾಲೇಟ್ ಬೆರೆಸಿದ್ದು: 0.6

ಇದು ಒಂದೇ ಸಲ ಮಾಡಿದ ಮನೆ ಪರೀಕ್ಷೆ. ಈ ಅಂಕಿಗಳನ್ನು ಕಾನೂನು ಅಂತ ತಗೋಬೇಡಿ, ನೀವೂ ಮಾಡಿ ನೋಡಿ. ಆದರೆ ಇದರಿಂದ ನಾನು ಕಲಿತದ್ದು ನಾಲ್ಕು.

ಒಂದನೆಯದು, ಮೊದಲ ಮತ್ತು ಎಂಟನೆಯ ಬಾಟಲಿ ನೋಡಿ. ಏನೂ ಬೆರೆಸದೆ ತುಂಬಿ ಮುಚ್ಚಿದ್ದಕ್ಕೂ, ಸೇರ್ಪಡೆ ಹಾಕಿ ತೆರೆದಿಟ್ಟಿದ್ದಕ್ಕೂ ಒಂದೇ ಫಲ. ಮುಚ್ಚಳಕ್ಕೆ ಖರ್ಚಿಲ್ಲ. ಮೊದಲ ಸೇರ್ಪಡೆ ಮುಚ್ಚಳವೇ.

ಎರಡನೆಯದು, ತಾಮ್ರ. ಬೆರಳುದ್ದದ ತಂತಿಯೇ ಹಾಗೆ ಮಾಡಿದರೆ ಎಂಟು ತಿಂಗಳು ಹಿತ್ತಾಳೆ ನಲ್ಲಿ ಏನು ಮಾಡಿರಬಹುದು ಯೋಚಿಸಿ.

ಮೂರನೆಯದು, ಅಡುಗೆಮನೆ ಪುಡಿ ಇಂಧನದಲ್ಲಿ ಕರಗಲ್ಲ. ಅರಿಶಿನದಲ್ಲಿ ಗುಣ ಇದೆ, ಆದರೆ ಪುಡಿಯಲ್ಲಿ ಹೆಚ್ಚಿನ ಪಾಲು ಹಿಟ್ಟು ಮತ್ತು ನಾರು. ಅದು ತಳಕ್ಕೆ ಇಳಿದು ಫಿಲ್ಟರ್‌ಗೆ ಹೋಗುತ್ತೆ. ಗುಣ ಇರೋದು ಬೇರೆ, ಇಂಧನಕ್ಕೆ ಆ ಗುಣ ಸೇರೋದು ಬೇರೆ.

ನಾಲ್ಕನೆಯದು, ನನಗೆ ಅಚ್ಚರಿ ಕೊಟ್ಟದ್ದು. ಕತ್ತಲಲ್ಲಿ ಉಪಕಾರ ಮಾಡಿದ ಅದೇ ವೀಳ್ಯದೆಲೆ ಸಾರ ಬೆಳಕಲ್ಲಿ ಅಪಕಾರ ಮಾಡಿತು. ಕಾರಣ ಎಲೆಯ ಹಸಿರು, ಅಂದರೆ ಕ್ಲೋರೋಫಿಲ್. ಅದು ಬೆಳಕನ್ನು ಹೀರಿ ಆಮ್ಲಜನಕವನ್ನು ಇನ್ನೂ ಚುರುಕು ಮಾಡುತ್ತೆ. ತುಪ್ಪದಲ್ಲಿ ಎಲೆ ಗರಿಗರಿಯಾಗಿ ತೇವ ಹೋಗುತ್ತೆ, ಆಮೇಲೆ ಸೋಸಿಬಿಡ್ತೀವಿ, ಡಬ್ಬಿ ಮುಚ್ಚಿ ಇಡ್ತೀವಿ. ಅದೂ ಅಲ್ಲದೆ ತುಪ್ಪದಲ್ಲಿ ಜೋಡಿ ಬಂಧಗಳೇ ಕಮ್ಮಿ. 200 ಲೀಟರ್ ಡ್ರಮ್ಮಿಗೆ ಎಲೆ ಸೊಪ್ಪು ಹಾಕೋ ಯೋಚನೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಮೆಡಿಕಲ್ ಸ್ಟೋರ್ ಕ್ಯಾಪ್ಸೂಲ್ ಬೇಡ

ವಿಟಮಿನ್ ಇ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಹಸಿರು ಕ್ಯಾಪ್ಸೂಲ್. ನಾನೂ ಎರಡು ಪಟ್ಟಿ ತಂದಿದ್ದೆ. ಮೇಷ್ಟ್ರು ಪಟ್ಟಿ ಹಿಂದಿನ ಅಕ್ಷರ ಓದಿ, "ಇದು ಟೋಕೋಫೆರಿಲ್ ಅಸಿಟೇಟ್, ವಾಪಸ್ ಕೊಡು" ಅಂದರು. ಅಸಿಟೇಟ್ ರೂಪದಲ್ಲಿ ಕಿಡಿ ಆರಿಸುವ ಕೈ ಕಟ್ಟಿಹಾಕಿರುತ್ತೆ. ನಮ್ಮ ದೇಹದೊಳಗೆ ಹೋದ ಮೇಲೆ ಆ ಕಟ್ಟು ಬಿಚ್ಚುತ್ತೆ, ಡ್ರಮ್ಮಿನೊಳಗೆ ಬಿಚ್ಚೋರು ಯಾರು? ಇಂಧನಕ್ಕೆ ಬೇಕಾದ್ದು ಅಸಿಟೇಟ್ ಅಲ್ಲದ ಟೋಕೋಫೆರಾಲ್. ಮಿಶ್ರ ಟೋಕೋಫೆರಾಲ್ ಅಂತ ಎಣ್ಣೆ ರೂಪದಲ್ಲಿ ಆಹಾರ ಉದ್ಯಮಕ್ಕೆ ಮಾರುತ್ತಾರೆ. ಕೊಳ್ಳುವಾಗ ಲೇಬಲ್ ಓದಿ.

ಎಷ್ಟು ಹಾಕಬೇಕು, ಹೇಗೆ ಹಾಕಬೇಕು?

ಆಂಟಿಆಕ್ಸಿಡೆಂಟ್ ಪ್ರಮಾಣವನ್ನು ಪಿಪಿಎಂ ಲೆಕ್ಕದಲ್ಲಿ ಹೇಳ್ತಾರೆ. 1000 ಪಿಪಿಎಂ ಅಂದರೆ ಒಂದು ಕಿಲೋ ಇಂಧನಕ್ಕೆ ಒಂದು ಗ್ರಾಂ. ಸಾಮಾನ್ಯವಾಗಿ 200ರಿಂದ 1000 ಪಿಪಿಎಂ ಒಳಗೆ ಬಳಸುತ್ತಾರೆ. ಬಯೋಡೀಸೆಲ್ ಲೀಟರಿಗೆ ಸುಮಾರು 880 ಗ್ರಾಂ ತೂಗುತ್ತೆ. 200 ಲೀಟರ್ ಅಂದರೆ 176 ಕಿಲೋ. 500 ಪಿಪಿಎಂ ಹಾಕೋದಾದರೆ 88 ಗ್ರಾಂ ಬೇಕು. ಚಮಚದ ಅಂದಾಜು ಬೇಡ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೇದು ಅಂತಲೂ ಇಲ್ಲ. ಕರಗದೆ ಉಳಿದದ್ದು ಕಸವೇ.

ನಾವು ಈಗ ಪ್ರೊಪೈಲ್ ಗ್ಯಾಲೇಟ್ ಬೆರೆಸುವ ಕ್ರಮ ಹೀಗಿದೆ. 20 ಲೀಟರ್ ಬಯೋಡೀಸೆಲ್ ಇರುವ ಸ್ಟೀಲ್ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು ಸುಮಾರು 50 ಡಿಗ್ರಿಗೆ ಬೆಚ್ಚಗೆ ಮಾಡ್ತೀವಿ. ನೇರ ಒಲೆ ಮೇಲೆ ಇಡೋದಿಲ್ಲ, ಅದು ಇಂಧನ ಅನ್ನೋದು ಮರೀಬಾರದು. ಪುಡಿಯನ್ನು ಸ್ವಲ್ಪ ಸ್ವಲ್ಪ ಉದುರಿಸುತ್ತ ಕರಗುವ ತನಕ ಕಲಕಬೇಕು. ತಳದಲ್ಲಿ ಕಾಳು ಉಳಿದಿಲ್ಲ ಅಂತ ನೋಡಿಕೊಂಡು ಇದನ್ನು ಡ್ರಮ್ಮಿಗೆ ಸುರಿದು, ಉಳಿದ ಇಂಧನ ತುಂಬಿ, ಡ್ರಮ್ಮನ್ನು ಉರುಳಿಸಿ ಬೆರೆಸಬೇಕು. ಇದೆಲ್ಲ ಆಗಬೇಕಾದ್ದು ಇಂಧನ ತಯಾರಾದ ದಿನ ಅಥವಾ ಮರುದಿನ.

ಇನ್ನೊಂದು ಎಚ್ಚರಿಕೆ. ಗ್ಯಾಲೇಟ್ ಹಾಕಿದ ಇಂಧನಕ್ಕೆ ಕಬ್ಬಿಣ ಮತ್ತು ನೀರು ಎರಡೂ ತಾಗಿದರೆ ಮಸಿಯಂತೆ ಕಪ್ಪಾಗುತ್ತೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಅದಕ್ಕೇ ತುಕ್ಕು ಹಿಡಿದ ಕಬ್ಬಿಣದ ಡ್ರಮ್ ಬಿಟ್ಟು ನೀಲಿ ಎಚ್‌ಡಿಪಿಇ ಡ್ರಮ್ ಬಳಸಿ. ಬೆಳಕೂ ಒಳಗೆ ಹೋಗೋದು ಕಮ್ಮಿ.

ಉಪ್ಪಿನಕಾಯಿ ಭರಣಿಯ ನಿಯಮಗಳು

ಅಮ್ಮ ಹೇಳಿದ ಉಪ್ಪಿನಕಾಯಿ ಮಾತಿನಿಂದಲೇ ನಮ್ಮ ಶೆಡ್ಡಿನ ನಿಯಮ ಮಾಡಿಕೊಂಡಿದ್ದೀನಿ. ಭರಣಿ ಹೇಗೆ ನೋಡಿಕೊಳ್ತೀವೋ ಡ್ರಮ್ಮನ್ನೂ ಹಾಗೇ.

1. ಒಣಗಿದ ಪಾತ್ರೆ. ಡ್ರಮ್ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಇಂಧನದಲ್ಲಿ ನೀರಿದೆಯಾ ಅಂತ ತಿಳಿಯೋಕೆ ಬಿಸಿಯಾದ ತವಾವನ್ನು ಒಲೆಯಿಂದ ದೂರ ಇಳಿಸಿ ಎರಡೇ ಹನಿ ಬಿಡಿ. ಚಟಪಟ ಅಂದರೆ ನೀರಿದೆ, ತಗೋಬೇಡಿ.

2. ಕಂಠಮಟ್ಟ ತುಂಬಿ. ಒಂದು 200 ಲೀಟರ್ ಡ್ರಮ್ ಬದಲು 20 ಲೀಟರಿನ ಹತ್ತು ಕ್ಯಾನ್ ಒಳ್ಳೇದು. ಒಂದನ್ನು ತೆಗೆದಾಗ ಉಳಿದ ಒಂಬತ್ತಕ್ಕೆ ಗಾಳಿ ತಾಗಲ್ಲ.

3. ಬಿಗಿ ಮುಚ್ಚಳ, ತಂಪು ಜಾಗ. ತಗಡಿನ ಶೆಡ್ಡು ಬೇಡ. ಹೆಂಚಿನ ಮನೆಯ ಮೂಲೆ ಅಥವಾ ಮರದ ನೆರಳಿನ ಕೊಠಡಿ ಆಗಲಿ. ಒಲೆ, ಬೀಡಿ ಹತ್ತಿರ ಬೇಡ.

4. ತಾಮ್ರ, ಹಿತ್ತಾಳೆ ದೂರ. ನಲ್ಲಿ, ಪೈಪು, ಆಲಿಕೆ ಎಲ್ಲ ಸ್ಟೀಲ್ ಅಥವಾ ಎಚ್‌ಡಿಪಿಇ ಆಗಿರಲಿ.

5. ಹಳೇದಕ್ಕೆ ಹೊಸದು ಬೆರೆಸಬೇಡಿ. ಹಳೇ ಉಪ್ಪಿನಕಾಯಿ ತಳದ ಮೇಲೆ ಹೊಸದು ಹಾಕಿದರೆ ಎರಡೂ ಕೆಡುತ್ತೆ. ಇಂಧನವೂ ಹಾಗೇ, ಹಳೇದರ ಪೆರಾಕ್ಸೈಡ್ ಹೊಸದಕ್ಕೆ ಕಿಡಿ.

6. ಡಬ್ಬಿ ಮೇಲೆ ದಿನಾಂಕ. ಮಾಡಿದ ದಿನ, ಸೇರ್ಪಡೆ ಹಾಕಿದ ದಿನ, ಎಷ್ಟು ಗ್ರಾಂ ಅಂತ ಪೇಂಟಲ್ಲಿ ಬರೆಯಿರಿ. ಎಷ್ಟೇ ಜೋಪಾನ ಮಾಡಿದರೂ ಆರು ತಿಂಗಳಿಗಿಂತ ಹೆಚ್ಚು ಇಡುವ ಆಸೆ ಬೇಡ.

7. ಅನುಮಾನ ಬಂದರೆ ಮೂಗು, ಕಣ್ಣು, ಆಮ್ಲ ಪರೀಕ್ಷೆ. ಕಮಟು ವಾಸನೆ, ಗಾಢವಾದ ಬಣ್ಣ, ತಳದಲ್ಲಿ ಅಂಟು, ಇದರಲ್ಲಿ ಒಂದು ಕಂಡರೂ ಎಂಜಿನ್‌ಗೆ ಹಾಕಬೇಡಿ. ಬಾವಿ, ಕೆರೆ ಹತ್ತಿರ ಸುರಿಯಲೂಬೇಡಿ. ಮಾಡಿಕೊಟ್ಟ ಘಟಕಕ್ಕೇ ಒಯ್ದು ಕೇಳಿ.

ಇಲ್ಲಿ ಒಂದು ಮಾತು. ಹಳೇ ಎಂಜಿನ್‌ಗೆ ಮೊದಲ ಸಲ ಬಯೋಡೀಸೆಲ್ ಹಾಕಿದಾಗಲೂ ಫಿಲ್ಟರ್ ಕಟ್ಟಬಹುದು. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಕೊಳೆಯನ್ನು ಬಯೋಡೀಸೆಲ್ ಎಬ್ಬಿಸುತ್ತೆ. ಅದು ಕೆಟ್ಟ ಇಂಧನದ ಲಕ್ಷಣ ಅಲ್ಲ. ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿದರೆ ಸರಿಹೋಗುತ್ತೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ದೊಡ್ಡ ಪ್ರಮಾಣಕ್ಕೆ ಲ್ಯಾಬ್ ಪರೀಕ್ಷೆ

ನಾಲ್ಕೈದು ಊರಿನವರು ಸೇರಿ ಸಾವಿರಾರು ಲೀಟರ್ ಮಾಡೋದಾದರೆ ಮನೆ ಪರೀಕ್ಷೆ ಸಾಲದು. ರ‍್ಯಾನ್ಸಿಮ್ಯಾಟ್ ಅನ್ನೋ ಯಂತ್ರದಲ್ಲಿ ಇಂಧನವನ್ನು 110 ಡಿಗ್ರಿಗೆ ಕಾಯಿಸಿ ಅದರೊಳಗೆ ಗಾಳಿ ಊದುತ್ತಾರೆ. ಎಷ್ಟು ಗಂಟೆ ತಡೆದುಕೊಂಡು ಆಮೇಲೆ ಕೆಡೋಕೆ ಶುರುವಾಗುತ್ತೆ ಅಂತ ಯಂತ್ರ ಹೇಳುತ್ತೆ. ಯುರೋಪಿನ ಮಾನದಂಡ ಕನಿಷ್ಠ 8 ಗಂಟೆ ಕೇಳುತ್ತೆ, ಅಮೆರಿಕದ್ದು 3 ಗಂಟೆ. ಏನೂ ಬೆರೆಸದ ಹೊಂಗೆ ಬಯೋಡೀಸೆಲ್ ಸಾಮಾನ್ಯವಾಗಿ 2ರಿಂದ 3 ಗಂಟೆಯ ಆಸುಪಾಸು ನಿಲ್ಲುತ್ತೆ. ಅಂದರೆ ಮಾರುವ ಮಟ್ಟಕ್ಕೆ ಬರಬೇಕಾದರೆ ಸೇರ್ಪಡೆ ಬೇಕೇ ಬೇಕು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ಹೊತ್ತಿಗೆ ಡೀಸೆಲ್‌ಗೆ ಶೇ. 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಆ ಮಾರುಕಟ್ಟೆಗೆ ಹೋಗಬೇಕು ಅನ್ನುವವರು ಈ ಗಂಟೆಗಳ ಲೆಕ್ಕ ತಿಳಿದಿರಲೇಬೇಕು.

ಕೊನೆಗೆ

ಹೊಂಗೆ ಬೀಜ ಸಿಗೋದು ಬೇಸಿಗೆಯಲ್ಲಿ, ಇಂಧನ ಬೇಕಾಗೋದು ವರ್ಷವಿಡೀ. ಕಷ್ಟ ಇರೋದು ಇಲ್ಲೇ. ಹಾಗಾಗಿ ನಾವು ಈಗ ಎಲ್ಲ ಬೀಜವನ್ನೂ ಒಟ್ಟಿಗೆ ಅರೆಸೋದಿಲ್ಲ. ಚೆನ್ನಾಗಿ ಒಣಗಿಸಿ ಚೀಲದಲ್ಲಿಟ್ಟು, ಏಪ್ರಿಲಲ್ಲಿ ಒಂದು ಸಲ, ಸೆಪ್ಟೆಂಬರಲ್ಲಿ ಒಂದು ಸಲ ಮಾಡಿಸ್ತೀವಿ. ಹಾಗೆ ಮಾಡಿದರೆ ಯಾವ ಡ್ರಮ್ಮನ್ನೂ ವರ್ಷವಿಡೀ ಇಡಬೇಕಾಗಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಸೆಪ್ಟೆಂಬರಿನ ಕ್ಯಾನ್ ತೆಗೆದು ಒಕ್ಕಣೆಗೆ ಇಳಿದ್ವಿ. ಅಪ್ಪ ಮುಚ್ಚಳ ಬಿಚ್ಚಿ ಮೂಸಿ ನೋಡಿದರು, ಏನೂ ಹೇಳದೆ ತಾವೇ ಟ್ಯಾಂಕಿಗೆ ಸುರಿದರು. ಬೆಳಿಗ್ಗೆಯಿಂದ ಸಂಜೆವರೆಗೆ ಎಂಜಿನ್ ನಿಲ್ಲಲಿಲ್ಲ. ಈ ಸುಗ್ಗಿಯಲ್ಲಿ ನಮ್ಮ ಬೀದಿಯಿಂದ ಬೀಜ ಕೊಟ್ಟವರು ಹನ್ನೊಂದು ಮನೆಯವರು.

ನಿಮ್ಮ ಹತ್ರ ಬಯೋಡೀಸೆಲ್ ಇದ್ದರೆ ಈವತ್ತೇ ಹೋಗಿ ಎರಡು ವಿಷಯ ನೋಡಿ: ಮುಚ್ಚಳ ಬಿಗಿ ಇದೆಯಾ, ನಲ್ಲಿ ಯಾವ ಲೋಹದ್ದು. ಸೇರ್ಪಡೆ ಆಮೇಲೆ ತರೋಣ.